ಅಂಬಾಸಿಡರ್ ಹಬ್ ಕ್ಯಾಪ್ ನಿಲ್ಲುತ್ತಿಲ್ಲ, ಸಹಾಯ ಬೇಕು

ನಮ್ಮದು 1972ರ ಅಂಬಾಸಿಡರ್ ಮಾರ್ಕ್ 2. ಅಪ್ಪನ ಕಾಲದ್ದು. ನಾಲ್ಕೂ ಕ್ರೋಮ್ ಹಬ್ ಕ್ಯಾಪ್ (ಚಕ್ರದ ನಡುವಿನ ಮುಚ್ಚಳ) ಒರಿಜಿನಲ್. ಹೋದ ತಿಂಗಳು ಹುಣಸೂರು ರಸ್ತೆಯಲ್ಲಿ ಹಂಪ್ ಹಾರಿಸಿದಾಗ ಹಿಂದಿನ ಎಡಗಡೆಯದು ಠಣ್ ಅಂತ ಕಳಚಿ ಗದ್ದೆಗೆ ಉರುಳಿತು. ಅರ್ಧ ಗಂಟೆ ಹುಡುಕಿದೆ. ಸಿಕ್ಕಿತು, ಆದರೆ ಅಂಚು ಸ್ವಲ್ಪ ನೆಗ್ಗಿದೆ.

ಆಮೇಲೆ ಕ್ಯಾಪ್ ಹಿಡಿದುಕೊಳ್ಳೋ ಚಕ್ರದ ಕ್ಲಿಪ್‌ಗಳನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹೊರಗೆ ಬಗ್ಗಿಸಿದೆ. ಎರಡು ದಿನ ನಿಂತಿತು, ಅಷ್ಟೇ. ಇನ್ಸುಲೇಷನ್ ಟೇಪ್ ಸುತ್ತಿದರೆ ಕಿರ್ ಕಿರ್ ಸದ್ದು. ಸಿಲಿಕಾನ್ ಹಚ್ಚಿದೆ, ಪಂಕ್ಚರ್ ಆದಾಗ ಕೀಳೋಕೇ ಬರಲಿಲ್ಲ! ಕ್ಯಾಪ್‌ಗೆ ತೂತು ಕೊರೆದು ತಂತಿ ಕಟ್ಟು ಅಂತಾರೆ ಕೆಲವರು. ಅದಕ್ಕೆ ಮನಸ್ಸಿಲ್ಲ.

ಅದಲು ಬದಲು ಮಾಡಿಯೂ ನೋಡಿದೆ. ಈ ಚಕ್ರಕ್ಕೆ ಯಾವ ಕ್ಯಾಪ್ ಹಾಕಿದರೂ ಸಡಿಲ. ನೆಗ್ಗಿದ ಕ್ಯಾಪ್ ಮುಂದಿನ ಚಕ್ರದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಂದರೆ ತಪ್ಪು ಕ್ಲಿಪ್‌ನದೇ ಅಲ್ವಾ? ಒಂದು ಕ್ಲಿಪ್ ಬೆರಳಲ್ಲಿ ಒತ್ತಿದರೆ ಸ್ಪ್ರಿಂಗ್ ಥರ ವಾಪಸ್ ಬರೋದೇ ಇಲ್ಲ, ಅದರ ರಿವೆಟ್ ಕೂಡ ಅಲ್ಲಾಡುತ್ತದೆ.

ಮೆಕ್ಯಾನಿಕ್ ವೆಲ್ಡಿಂಗ್ ಮಾಡಿಬಿಡೋಣ ಅಂತಾರೆ. ಬಿಸಿಗೆ ಚಕ್ರದ ಡಿಸ್ಕ್ ಸೊಟ್ಟಗಾದರೆ ಅಂತ ನನಗೆ ಭಯ. ಹಳೇ ತೂತಿಗೇ ಹೊಸ ಕ್ಲಿಪ್ ರಿವೆಟ್ ಹೊಡೆಸಿದರೆ ಬಾಳಿಕೆ ಬರುತ್ತಾ, ಅಥವಾ ಇನ್ನೊಂದು ಹಳೇ ಚಕ್ರ ಹುಡುಕೋದೇ ವಾಸಿಯಾ? ಮಾಡಿಸಿದವರು ಹೇಳಿ.