ಕ್ವಾರ್ಟರ್ಸ್‌ನಲ್ಲಿ ಮೇಲಿನ ಮನೆಯವರ ರಾತ್ರಿ ಗಲಾಟೆ: ದೂರು ಯಾರಿಗೆ ಕೊಡಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸರ್ಕಾರಿ ಕ್ವಾರ್ಟರ್ಸ್, ನಮ್ಮದು ನೆಲಮಹಡಿ ಮನೆ. ಹಂಚಿಕೆ ನಮ್ಮ ಯಜಮಾನರ ಹೆಸರಲ್ಲಿದೆ. ಮೇಲಿನ ಮನೆಯಲ್ಲಿ ರಾತ್ರಿ ಹನ್ನೊಂದಾದ ಮೇಲೆ ಸೌಂಡ್ ಬಾಕ್ಸ್, ಕುಡಿದು ಜಗಳ. ಬೆಳಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಬಾಟಲಿ. ಮನೆ ಯಾರ ಹೆಸರಿಗಿದೆಯೋ ಅವರು ಅಲ್ಲಿಲ್ಲ, ಬೇರೆ ಯಾರೋ ಇದ್ದಾರೆ ಅನ್ನೋ ಅನುಮಾನ. ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರ ಬಂತು. ಠಾಣೆಗೆ ಹೋದರೆ "ಹೊಂದಿಕೊಂಡು ಹೋಗ್ರಿ" ಅಂತ ಹೇಳಿ ಕಳಿಸಿದರು. ವಕೀಲರು ಯಾರಾದರೂ ಇದ್ದರೆ ದಾರಿ ತೋರಿಸಿ.

ಉತ್ತರ (ವಕೀಲರು): ಮೇಡಂ, ಠಾಣೆಯವರು ಹಾಗೆ ಕಳಿಸುವುದಕ್ಕೆ ಒಂದು ಕಾರಣ ಇದೆ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಹೇಳುವ ಶಿಕ್ಷೆ 1,000 ರೂಪಾಯಿವರೆಗಿನ ದಂಡ, ಅಷ್ಟೇ. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಆದರೆ ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ಬಾಯಿಮಾತಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಬರೆದು ಒಂದನ್ನು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ನಿಮ್ಮ ವಿಷಯದಲ್ಲಿ ನಿಜವಾದ ಹಿಡಿತ ಇರುವುದು ಮಾತ್ರ ಪೊಲೀಸರ ಕೈಯಲ್ಲಲ್ಲ, ಮನೆ ಕೊಟ್ಟ ಸರ್ಕಾರದ ಕೈಯಲ್ಲಿ. ಕ್ವಾರ್ಟರ್ಸ್‌ನಲ್ಲಿರುವವರು ಖಾಸಗಿ ಬಾಡಿಗೆದಾರರಂತಲ್ಲ, ಹಂಚಿಕೆ ಆದೇಶದ ಷರತ್ತಿಗೆ ಒಳಪಟ್ಟು ಇರುವವರು. ನಿಮ್ಮ ಯಜಮಾನರ ಆದೇಶವನ್ನೇ ತೆಗೆದು ಓದಿ. ಒಳಬಾಡಿಗೆ ಕೊಡಬಾರದು, ಅಕ್ಕಪಕ್ಕದವರಿಗೆ ತೊಂದರೆ ಕೊಡಬಾರದು ಅನ್ನುವ ಸಾಲುಗಳಿದ್ದರೆ ಮೇಲಿನ ಮನೆಗೂ ಅವೇ ಅನ್ವಯ. ದೂರಿನಲ್ಲಿ "ಇವರು ಕೆಟ್ಟವರು" ಅಂತ ಬರೆಯುವ ಬದಲು "ಷರತ್ತು ಸಂಖ್ಯೆ ಇಷ್ಟು ಉಲ್ಲಂಘನೆ" ಅಂತ ಬರೆಯಿರಿ. ಮೊದಲನೆಯದು ಜಗಳದ ಕಾಗದ ಆಗುತ್ತದೆ, ಎರಡನೆಯದಕ್ಕೆ ಕಡತ ತೆರೆಯಬೇಕಾಗುತ್ತದೆ.

ಹಂಚಿಕೆ ಯಾರ ಹೆಸರಲ್ಲಿದೆಯೋ ಅವರೇ ಸಹಿ ಹಾಕಲಿ, ಇಲ್ಲದಿದ್ದರೆ ವಾಪಸ್ ಕಳಿಸಲು ಒಂದು ನೆಪ ಸಿಗುತ್ತದೆ. ಬ್ಲಾಕಿನ ಇನ್ನೂ ಎರಡು ಮೂರು ಮನೆಯವರ ಸಹಿ ಬಹಳ ಮುಖ್ಯ. ಕಾನೂನಿನಲ್ಲಿ ಸಾರ್ವಜನಿಕ ಉಪದ್ರವ ಅಂದರೆ ಸುತ್ತಮುತ್ತ ವಾಸ ಮಾಡುವ ಜನರಿಗೆ ಆಗುವ ತೊಂದರೆ. ಒಂದೇ ಮನೆಯ ಸಹಿ ಇದ್ದರೆ "ಇಬ್ಬರ ವೈಯಕ್ತಿಕ ತಕರಾರು" ಅಂತ ಹಿಂಬರಹ ಬರೆದು ಮುಗಿಸುತ್ತಾರೆ.

ದೂರಿಗೆ ಮೊದಲು ಹದಿನೈದು ದಿನ ಒಂದು ನೋಟ್‌ಬುಕ್ ಇಡಿ. ಒಂದು ದಿನದ ಬರಹ ಹೀಗಿರಲಿ: "ಮಂಗಳವಾರ, ರಾತ್ರಿ 11.20ರಿಂದ 12.45. ಸೌಂಡ್ ಬಾಕ್ಸ್. ಮಲಗುವ ಕೋಣೆಯ ಬಾಗಿಲು ಹಾಕಿದರೂ ಹಾಡಿನ ಪದ ಕೇಳುತ್ತಿತ್ತು. ಎದುರು ಮನೆಯವರೂ ಹೊರಗೆ ಬಂದು ನೋಡಿದರು. 12.10ಕ್ಕೆ 112ಕ್ಕೆ ಕರೆ." ಬೈಗುಳ, ಊಹೆ, ಅವರ ಜಾತಿ, ಅವರ ಮನೆಗೆ ಯಾರು ಬಂದರು ಇವೆಲ್ಲ ಬೇಡ. ಬೆಳಗ್ಗೆ ಆರೂವರೆಯ ಮಿಕ್ಸಿ, ಮಗು ಅಳುವುದು, ಕುರ್ಚಿ ಎಳೆಯುವುದನ್ನೂ ಸೇರಿಸಬೇಡಿ. ಇಂಥವು ಪಟ್ಟಿಯಲ್ಲಿ ಬಂದರೆ ನಿಜವಾದ ದೂರಿನ ತೂಕವೂ ಇಳಿಯುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಡೆಸಿಬೆಲ್ ಆ್ಯಪ್ ಹಾಕಿ ಅಳೆದರೆ ಸಾಕಾ ಸರ್?

ಉತ್ತರ (ವಕೀಲರು): ಅಂದಾಜಿಗೆ ಸಾಕು, ಪುರಾವೆಗೆ ಸಾಲದು. ಫೋನಿನಿಂದ ಫೋನಿಗೆ ಅಂಕಿ ಬದಲಾಗುತ್ತದೆ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ದಾಟಿದರೆ, ಇಲ್ಲವೇ ಧ್ವನಿವರ್ಧಕದಂಥವಕ್ಕೆ ಇರುವ ರಾತ್ರಿಯ ನಿಷೇಧ ಮುರಿದರೆ ಈ ನಿಯಮದಡಿಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯನ್ನು ಆ ಪ್ರಾಧಿಕಾರವಾಗಿ ನೇಮಿಸಬಹುದು, ಹಾಗಾಗಿ ಅರ್ಜಿಯ ಒಂದು ಪ್ರತಿ ಡಿವೈಎಸ್‌ಪಿ ಕಚೇರಿಗೂ ಹೋಗಲಿ. ದುಗ್ಗಮ್ಮನ ಜಾತ್ರೆ, ಗಣಪತಿ ಹಬ್ಬದ ದಿನಗಳನ್ನು ಲೆಕ್ಕದಿಂದ ಬಿಡಿ. ಹಬ್ಬ ಹರಿದಿನಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶ ಇದೆ.

ರೆಕಾರ್ಡಿಂಗ್ ನಿಮ್ಮ ಮನೆಯೊಳಗಿಂದಲೇ ಮಾಡಿ. ಅವರ ಕಿಟಕಿ, ಬಾಗಿಲಿನ ಒಳಗೆ ಕ್ಯಾಮೆರಾ ತಿರುಗಿಸಿದರೆ ನಿಮ್ಮ ಮೇಲೆಯೇ ಪ್ರತಿದೂರು ಬರುತ್ತದೆ, ಆ ಮನೆಯಲ್ಲಿ ಹೆಣ್ಣುಮಕ್ಕಳಿದ್ದರಂತೂ ವಿಷಯ ಗಂಭೀರ. ಮೂಲ ಫೈಲನ್ನು ಕತ್ತರಿಸದೆ ಅದೇ ಫೋನಿನಲ್ಲಿ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಹೇಳುವ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಬೇಕು, ಆಗ ಮೂಲ ಫೈಲ್ ಕೇಳುತ್ತಾರೆ.

ಉತ್ತರ (ಲೋಕೋಪಯೋಗಿ ಇಲಾಖೆ, ಎಂಜಿನಿಯರ್): ವಕೀಲರ ಮಾತಿಗೆ ಒಂದು ಸೇರಿಕೆ. ಮನೆ ಹಂಚುವವರು ಬೇರೆ, ಕಟ್ಟಡ ನೋಡಿಕೊಳ್ಳುವವರು ಬೇರೆ. ಜನ ಗಲಾಟೆಯ ದೂರನ್ನು ನಮ್ಮ ಉಪವಿಭಾಗಕ್ಕೆ ತಂದುಕೊಡುತ್ತಾರೆ, ಅದು ಟಪಾಲಿನಲ್ಲೇ ಸುತ್ತುತ್ತದೆ. ಬಚ್ಚಲು ಸೋರಿಕೆ, ಒಡೆದ ಪೈಪು, ಮೆಟ್ಟಿಲ ದೀಪ ಇದ್ದರೆ ನಮಗೆ. ಗಲಾಟೆ, ಒಳಬಾಡಿಗೆ ಇದ್ದರೆ ಹಂಚಿಕೆ ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಗೆ. ಆದೇಶದ ಕೆಳಗೆ ಆ ಹುದ್ದೆಯ ಹೆಸರು ಇರುತ್ತದೆ, ಅದನ್ನೇ ವಿಳಾಸವಾಗಿ ಬರೆಯಿರಿ.

ಒಳಬಾಡಿಗೆ ಅನುಮಾನವಿದ್ದರೆ "ಸ್ಥಳ ಪರಿಶೀಲನೆ ಮಾಡಿ ವಾಸ ಇರುವವರ ಗುರುತು ದಾಖಲಿಸಿ" ಅಂತ ಸ್ಪಷ್ಟವಾಗಿ ಕೇಳಿ. ಬೆಸ್ಕಾಂ ಬಿಲ್ಲಿನಲ್ಲಿರುವ ಹೆಸರು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಮಧ್ಯಾಹ್ನ ಬಂದರೆ ಬೀಗ ಇರುತ್ತದೆ, ಬೆಳಗ್ಗೆ 7ರಿಂದ 8ರೊಳಗೆ ಬರುವಂತೆ ಅರ್ಜಿಯಲ್ಲೇ ಕೋರಿ.

ಪ್ರಶ್ನೆ: ಅಧಿಕಾರಿಗಳು ಸುಮ್ಮನೆ ಕೂತರೆ? ಮತ್ತೆ, 107 ಹಾಕಿಸಿ ಅಂತ ಎಲ್ಲರೂ ಹೇಳ್ತಾರೆ, ಅದು ಒಳ್ಳೇದಾ?

ಉತ್ತರ (ವಕೀಲರು): ಸುಮ್ಮನೆ ಕೂತರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೇಲಿನ ಮನೆಯವರ ವೈಯಕ್ತಿಕ ಮಾಹಿತಿ ಕೇಳಬೇಡಿ, ತಿರಸ್ಕಾರ ಆಗುತ್ತದೆ. "ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ" ಅಂತಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕಡತ ಅಲುಗಾಡುವುದು ಸಾಮಾನ್ಯವಾಗಿ ಆಗಲೇ. ಮುಂದೆ ಹಂಚಿಕೆ ರದ್ದಾಗಿ, ಆಮೇಲೂ ಖಾಲಿ ಮಾಡದಿದ್ದರೆ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆ 1974ರಡಿ ನೋಟಿಸ್ ಕೊಟ್ಟು ತೆರವು ಮಾಡಿಸಬಹುದು. ಅದನ್ನು ಇಲಾಖೆಯೇ ಮಾಡಬೇಕು, ನೀವಲ್ಲ.

107 ಅನ್ನುವುದು ಹಳೆಯ ಸಿಆರ್‌ಪಿಸಿಯ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 126. ತಹಶೀಲ್ದಾರ್ ಮುಂತಾದ ಕಾರ್ಯನಿರ್ವಾಹಕ ದಂಡಾಧಿಕಾರಿ ಒಂದು ವರ್ಷದವರೆಗೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಆದರೆ ಅನೇಕ ಸಲ ಎರಡೂ ಕಡೆಯವರ ಮೇಲೆ ಹಾಕುತ್ತಾರೆ, ನಿಮ್ಮ ಯಜಮಾನರೂ ಅಲೆಯಬೇಕಾಗುತ್ತದೆ. ಸರ್ಕಾರಿ ನೌಕರರಿಗೆ ಅದು ಸುಮ್ಮನೆ ತಲೆನೋವು. ಹೊಡೆದಾಟ, ಜೀವಬೆದರಿಕೆ ಇಲ್ಲದಿದ್ದರೆ ನೀವಾಗಿ ಕೇಳಲು ಹೋಗಬೇಡಿ. ಬೆದರಿಕೆ ಹಾಕಿದರೆ ಮಾತ್ರ ಕಾಯಬೇಡಿ, ಅದೇ ಕ್ಷಣ 112.

ಪ್ರಶ್ನೆ: ಸರ್, ನಾವು ಇರೋದು ಕೊಳಗೇರಿ ಮಂಡಳಿ ಮನೆ. ಫಲಾನುಭವಿಗೆ ತಿಂಗಳ ಬಾಡಿಗೆ ಕೊಟ್ಟು ಇದ್ದೀವಿ. ಪಕ್ಕದವರದು ಇದೇ ಕಾಟ. ಮಂಡಳಿಗೆ ಬರೀಬಹುದಾ?

ಉತ್ತರ (ವಕೀಲರು): ಬರೆಯುವ ಮೊದಲು ಯೋಚನೆ ಮಾಡಿ ಅಣ್ಣ. ಇಂಥ ಮನೆಗಳನ್ನು ಬಾಡಿಗೆಗೆ ಕೊಡಬಾರದು ಅನ್ನುವ ಷರತ್ತು ಹಂಚಿಕೆ ಪತ್ರದಲ್ಲಿ ಸಾಮಾನ್ಯ. ಪರಿಶೀಲನೆಗೆ ಬಂದವರು ಮೊದಲು ಕೇಳುವುದು ನಿಮ್ಮ ಗುರುತು, ಮನೆ ಹೋಗುವುದು ನಿಮ್ಮದೇ ಆಗಬಹುದು. ನಿಮಗೆ ಠಾಣೆಯ ಲಿಖಿತ ದೂರು, ಬೀಟ್ ಪೊಲೀಸ್ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸರಿಯಾದ ದಾರಿ. ಪ್ರಾಧಿಕಾರದಲ್ಲಿ ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಮಾತಾಡಿಸುವ ವ್ಯವಸ್ಥೆ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100. ಪ್ರಾಧಿಕಾರದ ಅರ್ಜಿ ನಿಮ್ಮ ಮನೆಯಾಕೆಯ ಹೆಸರಲ್ಲಿ ಕೊಡಿಸಿ, ಬಾಡಿಗೆ ಕೊಟ್ಟ ಫೋನ್‌ಪೇ ವಿವರ, ಆಧಾರ್ ಪ್ರತಿ ಜೊತೆಗಿರಲಿ.