ಪಾಳಿ ಹಾಕುವ ಸಾಫ್ಟ್‌ವೇರ್ ಸುಧಾರಿಸೋಕೆ ಏನು ಕೇಳಲಿ?

ಪ್ರಶ್ನೆ: ವಯಸ್ಸಾದವರ ಮನೆಗೆ ಹೋಗಿ ಆರೈಕೆ ಮಾಡುವ ಸಿಬ್ಬಂದಿಯ ಪಾಳಿ ಹಾಕೋದು ನನ್ನ ಕೆಲಸ. ಒಬ್ಬರು ರಜೆ ಹಾಕಿದರೆ ಅವರ ಅಷ್ಟೂ ಭೇಟಿಗಳನ್ನು ಒಂದೊಂದಾಗಿ ತೆರೆದು ಹೆಸರು ಬದಲಿಸಬೇಕು. ಸೇವ್ ಒತ್ತಿದರೆ ಪರದೆ ಮತ್ತೆ ಸೋಮವಾರಕ್ಕೇ ಹಾರುತ್ತೆ. ಫೋನ್ ಬೇರೆ ಬಡ್ಕೊಳ್ತಿರುತ್ತೆ!

ಉತ್ತರ 1: ‘ಬಳಸೋದು ಕಷ್ಟ’ ಅಂತಷ್ಟೇ ಬರೆದರೆ ಸಾಫ್ಟ್‌ವೇರ್ ಮಾಡಿದವರು ತರಬೇತಿ ಕೊಡ್ತೀವಿ ಅಂತಾರೆ. ಬೆಳಗಿನ ಗಡಿಬಿಡಿಯಲ್ಲೇ ಬಂದು ಪಕ್ಕದಲ್ಲಿ ಕೂತು ನೋಡೋಕೆ ಹೇಳಿ.

ಉತ್ತರ 2: ಇನ್ಸುಲಿನ್ ಭೇಟಿಯ ಸಮಯ ಜರುಗಿಸೋಕಾಗಲ್ಲ, ಬಟ್ಟೆ ಒಗೆಯೋದನ್ನ ಜರುಗಿಸಬಹುದು. ಈ ವ್ಯತ್ಯಾಸ ಪರದೆಯಲ್ಲೇ ಕಾಣಬೇಕು. ಬಣ್ಣವೊಂದೇ ಸಾಲದು, ಪದವೂ ಇರಲಿ. ಅಂಗವಿಕಲರೂ ವೆಬ್ ಬಳಸುವಂತಿರಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯೂ ಬಣ್ಣವೊಂದನ್ನೇ ನೆಚ್ಚಬಾರದು ಅಂತ ಹೇಳುತ್ತೆ.

ಪ್ರಶ್ನೆ ಕೇಳಿದವರು: ನಮ್ಮಲ್ಲಿ ಎರಡೂ ಒಂದೇ ನೀಲಿ! ಇದನ್ನೇ ಮೊದಲು ಕೇಳ್ತೀನಿ. ರಜೆಯವರ ಭೇಟಿಗಳನ್ನೆಲ್ಲ ಒಟ್ಟಿಗೆ ಆಯ್ದು ಹಂಚೋ ಸೌಲಭ್ಯ ಆಮೇಲೆ.