ಅಜ್ಜನ ತೋಟಾ (ಕೋವಿಗೆ ಹಾಕುವ ಗುಂಡು) ಮಷೀನ್, ಯಾವ ಭಾಗ ಕಾಣೆಯಾಗಿದೆ?

ಮಡಿಕೇರಿ ಮನೆ:
ಕೈಲ್ ಪೊಳ್ದ್ ಹಬ್ಬಕ್ಕೆ ಅಟ್ಟ ಗುಡಿಸುವಾಗ ಒಂದು ಕಬ್ಬಿಣದ ಉಪಕರಣ ಸಿಕ್ಕಿತು. ಮೇಜಿನ ಅಂಚಿಗೆ ಕಚ್ಚಿಸುವ ಹಾಗಿದೆ, ಒಂದು ಕಡೆ ತಿರುಗಿಸುವ ಹಿಡಿ, ಅದರ ತುದಿಗೆ ಸಣ್ಣ ಬಟ್ಟಲಿನ ಥರ ಒಂದು ತುಂಡು, ಮೇಲೆ 12 ಅಂತ ಅಚ್ಚು. ಇನ್ನೊಂದು ಕಡೆ ಬರೀ ತೂತು. ಜೊತೆಗೆ ಮರದ ಹಿಡಿಯ ಹಿತ್ತಾಳೆ ಅಳತೆ ಬಟ್ಟಲು. ಅಜ್ಜನ ವಸ್ತು, ಎಸೆಯಲು ಮನಸ್ಸಿಲ್ಲ. ಏನಿದು?

ಹಳೇ ಕೋವಿ:
ಇದು 12 ಬೋರ್ (ಕೋವಿ ನಳಿಗೆಯ ಅಳತೆ) ಕಾಗದದ ತೋಟಾದ ಬಾಯಿ ಮಡಚುವ ಮಷೀನ್. ಸಿಡಿಮದ್ದು, ಚರೆ (ಸಣ್ಣ ಸೀಸದ ಗುಂಡುಗಳು) ತುಂಬಿ ಮೇಲೆ ರಟ್ಟಿನ ಬಿಲ್ಲೆ ಇಟ್ಟ ಮೇಲೆ ಹಿಡಿ ತಿರುಗಿಸಿದರೆ ಆ ಬಟ್ಟಲು ಕಾಗದದ ಅಂಚನ್ನು ಒಳಕ್ಕೆ ಸುರುಳಿ ಸುತ್ತುತ್ತದೆ. ಖಾಲಿ ತೂತಿನಲ್ಲಿ ತೋಟಾವನ್ನು ಹಿಂದಿನಿಂದ ಒತ್ತುವ ಕಡ್ಡಿ ಇರಬೇಕಿತ್ತು, ಅದೇ ಕಳೆದಿರೋದು. ಮಷೀನಿನ ಬಟ್ಟಲಿನ ಒಳಗೆ ಬೆರಳಾಡಿಸಿ ನೋಡಿ, ಕಾಗದ ಮಡಚುವ ಸಣ್ಣ ಉಬ್ಬು ಸಿಗುತ್ತಾ?

ಮಡಿಕೇರಿ ಮನೆ:
ಹೌದು ಸರ್, ಸಿಗ್ತು! ಅಳತೆ ಬಟ್ಟಲಿನ ಮೇಲೆ 3 ಅಂತಿದೆ.

ಹಳೇ ಕೋವಿ:
3 ಡ್ರಾಮ್ ಇರಬೇಕು, ಕರಿಮದ್ದಿನ (ಹಳೇ ಕಾಲದ ಸಿಡಿಮದ್ದು) ಅಳತೆ. ಒಂದು ಡ್ರಾಮ್ ಅಂದ್ರೆ ಸುಮಾರು 1.77 ಗ್ರಾಂ. ಈಗಿನ ಹೊಗೆರಹಿತ ಮದ್ದಿಗೆ ಇದನ್ನು ಬಳಸಿದರೆ ಕೋವಿಯ ನಳಿಗೆಯೇ ಸಿಡಿಯಬಹುದು, ದಯವಿಟ್ಟು ಆ ಯೋಚನೆಯೇ ಬೇಡ.

ವಿರಾಜಪೇಟೆ:
ಇನ್ನೊಂದು ಮಾತು. ನಮ್ಮ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದ್ದರೂ ತೋಟಾ ಕಟ್ಟೋದು ಬೇರೆ ವಿಷಯ, 1959ರ ಆಯುಧ ಕಾಯ್ದೆ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕು. ಅಟ್ಟದಲ್ಲಿ ಹಳೇ ತೋಟಾ ಸಿಕ್ಕರೆ ಬಿಚ್ಚಲು ಹೋಗದೆ ಪೊಲೀಸರಿಗೆ ತಿಳಿಸಿ. ಮಷೀನಿಗೆ ಸ್ವಲ್ಪ ಎಣ್ಣೆ ಸವರಿ, ಉಜ್ಜಿ ಹೊಳಪು ಕೊಡಬೇಡಿ, ಅಚ್ಚು ಅಳಿಸಿಹೋಗುತ್ತದೆ.